ನಾಲ್ಕನೇ ಹೆಸರು

ನಗರ್ತಪೇಟೆಯ ಬಾವುಟದಂಗಡಿಗೆ ಹೋಗಿ ಅಮೆರಿಕದ ಬಾವುಟ ಬೇಕು ಅಂದರೆ ವೀರಭದ್ರಯ್ಯನವರು ಅಳತೆ ಕೇಳುವುದಿಲ್ಲ, ಎಷ್ಟು ಬೇಕು ಎಂದೂ ಕೇಳುವುದಿಲ್ಲ. ಕನ್ನಡಕವನ್ನು ಹಣೆಯ ವಿಭೂತಿಯ ತನಕ ಏರಿಸಿ ಮೊದಲು ಒಂದೇ ಪ್ರಶ್ನೆ ಹಾಕುತ್ತಾರೆ.

"ಹಾರಿಸೋಕೋ, ಸುಡೋಕೋ?"

ಹೊಸಬರು ಬೆಚ್ಚಿಬೀಳುತ್ತಾರೆ. ಅಲ್ಲ ಸ್ವಾಮಿ, ಬೆಚ್ಚುವಂಥದ್ದು ಇದರಲ್ಲೇನಿದೆ? ಅದು ಶುದ್ಧ ವ್ಯಾಪಾರದ ಮಾತು. ಹಾರಿಸುವ ಬಾವುಟಕ್ಕೆ ಪಾಲಿಯೆಸ್ಟರ್ ಬಟ್ಟೆ ಬೇಕು, ಬಿಸಿಲು ಮಳೆ ತಡೆಯುತ್ತದೆ. ಅದನ್ನೇ ಸುಡಲು ಹೋದರೆ ಕರಗಿ ತೊಟ್ಟಿಕ್ಕಿ ಹಿಡಿದವನ ಕೈಗೇ ಅಂಟುತ್ತದೆ. ಸುಡುವುದಕ್ಕೆ ತೆಳ್ಳನೆಯ ಹತ್ತಿ ಬಟ್ಟೆಯೇ ಸರಿ. "ಯಾರ್ ಮೇಲಾದ್ರೂ ಸಿಟ್ಟು ಮಾಡ್ಕೊಳ್ರಪ್ಪ, ಕೈ ಮಾತ್ರ ಸುಟ್ಕೋಬೇಡಿ" ಎಂದು ಹೇಳಿ ಕಟ್ಟಿಕೊಡುತ್ತಾರೆ. ಒಂದು ವರ್ಷ ಅಮೆರಿಕ, ಇನ್ನೊಂದು ವರ್ಷ ಚೀನಾ. ಲೋಕದ ದೊಡ್ಡ ದೇಶಗಳು ಯಾರ ಮೇಲೆ ಹಲ್ಲು ಕಡಿಯುತ್ತಿವೆ ಎಂದು ತಿಳಿಯಲು ಅವರಿಗೆ ಪೇಪರು ಓದುವ ಅಗತ್ಯವೇ ಇರಲಿಲ್ಲ.

ಅವರ ತಂದೆಯ ಕಾಲದಲ್ಲೂ ಹೀಗೇ. ರಷ್ಯದ ಸರ್ಕಸ್‌ನವರು ಊರಿಗೆ ಬಂದರೂ ಇದೇ ಅಂಗಡಿಯ ಬಾವುಟ, ಸ್ಕೂಲು ಮಕ್ಕಳಿಗೆ ಅಮೆರಿಕದ ಹಾಲಿನ ಪುಡಿ ಹಂಚುವ ಸಮಾರಂಭಕ್ಕೂ ಇದೇ ಅಂಗಡಿಯ ಬಾವುಟ. ಆ ಎರಡು ದೇಶಗಳು ಒಂದರ ಮುಖ ಇನ್ನೊಂದು ನೋಡದಿದ್ದ ಕಾಲದಲ್ಲಿ ಅವುಗಳ ಬಾವುಟಗಳು ನಗರ್ತಪೇಟೆಯ ಒಂದೇ ಬೀರುವಿನಲ್ಲಿ ಒಂದರ ಮೇಲೊಂದು ಮಲಗಿದ್ದವು. ದೇವಸ್ಥಾನದ ಕೇಸರಿ ಧ್ವಜ, ದರ್ಗಾದ ಹಸಿರು ಧ್ವಜ, ಪಾರ್ಟಿಗಳ ಬಾವುಟ ಎಲ್ಲವೂ ಆ ಬೀರುವಿನಲ್ಲೇ ಇರುತ್ತಿದ್ದವು.

ವೀರಭದ್ರಯ್ಯನವರ ಕಾಲಕ್ಕೆ ಇವನ್ನೆಲ್ಲ ಹೊಲಿಯುತ್ತಿದ್ದವರು ಒಬ್ಬರೇ, ಚಾಮರಾಜಪೇಟೆಯ ದಸ್ತಗೀರ್ ಸಾಬರು. ಕೇಸರಿಯನ್ನೂ ಅವರೇ, ಹಸಿರನ್ನೂ ಅವರೇ. ನಲವತ್ತು ವರ್ಷದ ವ್ಯವಹಾರ. ವೀರಭದ್ರಯ್ಯನವರು ಬಟ್ಟೆ ಕತ್ತರಿಸಿ ಗಂಟು ಕಟ್ಟಿ, ಗಂಟಿನ ಮೇಲೆ ನೀಲಿ ಪೆನ್ಸಿಲ್‌ನಲ್ಲಿ ವಿಳಾಸ ಬರೆದು ಕೈಗಾಡಿಯವನ ಜೊತೆ ಕಳಿಸುತ್ತಿದ್ದರು: ದಸ್ತಗೀರ್, ೧೪/೨, ಹಿಂದಿನ ಮೆಟ್ಟಿಲು, ಮಹಡಿ. 'ಹಿಂದಿನ ಮೆಟ್ಟಿಲು' ಎಂದು ಬರೆಯಲೇಬೇಕಿತ್ತು. ಒಂದೇ ನಂಬರಿನ ಆ ಕಾಂಪೌಂಡಿನಲ್ಲಿ ಮುಂದಿನ ಮನೆ ತಮ್ಮ ಬಾಬಾಜಾನ್‌ನದು, ಹಿಂದೆ ಮಹಡಿಯ ಮನೆ ಅಣ್ಣ ದಸ್ತಗೀರ್‌ ಅವರದು. ಬರೆಯದಿದ್ದರೆ ಗಾಡಿಯವನು ಗಂಟನ್ನು ತಮ್ಮನ ಜಗಲಿಯ ಮೇಲೆ ಎಸೆದು ಹೋಗಿಬಿಡುತ್ತಿದ್ದ. ಹೊಲಿದು ಮುಗಿದ ಗಂಟನ್ನು ವಾಪಸು ತರುತ್ತಿದ್ದವನು ಸಾಬರ ಒಬ್ಬನೇ ಮಗ ಇನಾಯತ್. ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಬಂದು, ಹೊಸ್ತಿಲ ಆಚೆಯೇ ನಿಂತು, "ಅಣ್ಣಾ, ಗಂಟು ಇಳಿಸ್ಲಾ?" ಎಂದು ಕೇಳುತ್ತಿದ್ದ.

ಇನಾಯತ್ ತೀರಿಕೊಂಡು ಹತ್ತೊಂಬತ್ತು ವರ್ಷವಾಯಿತು. ಆ ದನಿ ಮಾತ್ರ ಇವತ್ತಿಗೂ ಹನ್ನೊಂದಕ್ಕೆ ಸರಿಯಾಗಿ ಬರುತ್ತದೆ. ವೀರಭದ್ರಯ್ಯನವರು ಗಿರಾಕಿಯ ಜೊತೆ ಮಾತಾಡುತ್ತಿದ್ದರೂ ಆ ಹೊತ್ತಿಗೆ ಮಾತು ನಿಲ್ಲಿಸಿ ಹೊಸ್ತಿಲ ಕಡೆ ನೋಡುತ್ತಾರೆ. ಗಿರಾಕಿಯೂ ತಿರುಗಿ ನೋಡುತ್ತಾನೆ. ಅಲ್ಲಿ ಯಾರೂ ಇರುವುದಿಲ್ಲ.

ಮೊನ್ನೆ ಹೀಗೆ ಹನ್ನೊಂದು ಹೊಡೆದು, ಅವರು ಹೊಸ್ತಿಲು ನೋಡಿದಾಗ ನಿಜವಾಗಿಯೂ ಒಬ್ಬರು ಬಂದು ನಿಂತಿದ್ದರು. ವೀರಭದ್ರಯ್ಯನವರು ಕೂತಲ್ಲಿಂದ ಎದ್ದೇಬಿಟ್ಟರು. ನೋಡಿದರೆ ನರಸಿಂಹಯ್ಯನವರು, ಬಸವನಗುಡಿಯ ವಿಶ್ವಬಾಂಧವ್ಯ ಬಳಗದ ಕಾರ್ಯದರ್ಶಿ, ರಿಟೈರಾದ ಮೇಷ್ಟ್ರು. ರಿಟೈರಾದ ಮೇಲೆ ಜನ ಮೊಮ್ಮಕ್ಕಳನ್ನು ಆಡಿಸುತ್ತಾರೆ, ಇವರು ಲೋಕವನ್ನೇ ಒಂದು ಮಾಡಲು ಹೊರಟಿದ್ದರು.

"ಒಂಬತ್ತು ದೇಶದ ಅತಿಥಿಗಳು ಬರ್ತಿದಾರೆ ವೀರಭದ್ರಯ್ಯನೋರೇ. ರಷ್ಯಾದೋರು, ಉಕ್ರೇನ್‌ನೋರು, ಅಮೆರಿಕಾದೋರು, ಇರಾನ್‌ನೋರು, ಎಲ್ಲಾ ಒಂದೇ ವೇದಿಕೆ ಮೇಲೆ! ಬಾವುಟ ಎಲ್ಲಾ ಸಮ ಇರ್ಬೇಕು ನೋಡಿ. ಒಂದ್ ಇಂಚು ಹೆಚ್ಚುಕಡಿಮೆ ಆದ್ರೂ ಮುನಿಸ್ಕೊಂಡ್ಬಿಡ್ತಾರೆ."

"ಹಾರಿಸೋಕೋ..." ಎಂದು ಶುರುಮಾಡಿ ವೀರಭದ್ರಯ್ಯನವರು ನಾಲಿಗೆ ಕಚ್ಚಿಕೊಂಡರು.

ನರಸಿಂಹಯ್ಯ ಜೋರಾಗಿ ನಕ್ಕರು. ಆಮೇಲೆ ಮುಖವನ್ನು ಗಂಭೀರ ಮಾಡಿಕೊಂಡು ಅಸಲು ವಿಷಯಕ್ಕೆ ಬಂದರು. "ಇನ್ನೊಂದು ಮಾತು. ಅವತ್ತು ನಿಮಗೆ ಸನ್ಮಾನ. ಬೇಡ ಅನ್ನೋ ಹಾಗಿಲ್ಲ! ಇಪ್ಪತ್ತೆಂಟು ವರ್ಷ ಶಾಂತಿ ಸಮಿತೀಲಿ ದುಡ್ದಿದೀರಿ. ಶಾಲು ಹಾಕೋರು ಯಾರು ಗೊತ್ತಾ? ನಿಮ್ಮ ದಸ್ತಗೀರ್ ಸಾಬ್ರು. ಹಾಕಿ, ನಾಲ್ಕು ಮಾತೂ ಆಡ್ತಾರೆ. ಆ ಗಲಾಟೆ ಟೈಮಲ್ಲಿ ನೀವು ಅವರ ಮಗನಿಗೆ ಜಾಮೀನು ನಿಂತ ಕಥೆ. ನನ್ನ ಹತ್ರ ಹೇಳ್ತಾ ಹೇಳ್ತಾ ಅತ್ತೇಬಿಟ್ರು ಪಾಪ. ಹೊರದೇಶದೋರು ಇಂಥಾದ್ದು ಕೇಳ್ಬೇಕು ಸ್ವಾಮಿ!"

ವೀರಭದ್ರಯ್ಯನವರು ಬೇಡ ಎಂದರು. ನಾಚಿಕೆ ಎಂದುಕೊಂಡು ನರಸಿಂಹಯ್ಯ ಒಪ್ಪಲಿಲ್ಲ. ಮೈ ಸರಿಯಿಲ್ಲ ಎಂದರು. ಕಾರು ಕಳಿಸುತ್ತೇವೆ ಎಂದರು ನರಸಿಂಹಯ್ಯ. ಒಳ್ಳೆಯ ಕೆಲಸಕ್ಕೆ ನಿಂತ ಮನುಷ್ಯನಿಂದ ತಪ್ಪಿಸಿಕೊಳ್ಳುವುದು ಪೊಲೀಸರಿಂದ ತಪ್ಪಿಸಿಕೊಂಡಷ್ಟು ಸುಲಭವಲ್ಲ.

ಆ ನಾಲ್ಕು ಮಾತನ್ನು ದಸ್ತಗೀರ್ ಸಾಬರು ಮೈಕಿನ ಮುಂದೆ ಆಡುವ ಮೊದಲು ವೀರಭದ್ರಯ್ಯನವರು ಅವರಿಗೆ ಒಂದು ಮಾತು ಹೇಳಬೇಕಿತ್ತು. ಇಪ್ಪತ್ತೆರಡು ವರ್ಷದಿಂದ ಹೇಳದೇ ಉಳಿದ ಮಾತು. ಈಗ ಅದಕ್ಕೆ ಎಂಟು ದಿನ ಉಳಿದಿತ್ತು.

ಏನಾಗಿತ್ತು ಎಂದು ಹೇಳಿಬಿಡುತ್ತೇನೆ. ಅದು ಅಮೆರಿಕದವರು ಇರಾಕಿನ ಮೇಲೆ ಬಾಂಬು ಹಾಕಿದ ವರ್ಷ. ಗುರುವಾರ ಕೆಲವು ಹುಡುಗರು ಅಂಗಡಿಗೆ ಬಂದು ಅಮೆರಿಕದ ಬಾವುಟ ಕೇಳಿದರು. "ಸುಡೋಕೆ" ಎಂದರು. ವೀರಭದ್ರಯ್ಯನವರು ಹತ್ತಿ ಬಟ್ಟೆಯದು ಕೊಟ್ಟರು, ದಸ್ತಗೀರ್ ಸಾಬರು ಹೊಲಿದದ್ದೇ. ಶುಕ್ರವಾರ ಮೆರವಣಿಗೆ ಆಯಿತು, ಬಾವುಟ ಚೆನ್ನಾಗಿಯೇ ಉರಿಯಿತು. ಉರಿಯುವ ಚೂರೊಂದು ಗಾಳಿಗೆ ಹಾರಿ ಎದುರಿನ ದೇವಸ್ಥಾನದ ಚಪ್ಪರದ ಮೇಲೆ ಬಿತ್ತು. ಬೇಕೆಂದೇ ಎಸೆದರು ಎಂದರು ಈ ಕಡೆಯವರು, ಗಾಳಿಗೆ ಹಾರಿತು ಎಂದರು ಆ ಕಡೆಯವರು. ಬಾಗ್ದಾದ್ ಎಲ್ಲಿ, ನಮ್ಮ ಪೇಟೆ ಎಲ್ಲಿ! ಸಂಜೆಯ ಹೊತ್ತಿಗೆ ಎರಡು ಅಂಗಡಿಗಳ ಗಾಜು ಒಡೆದಿತ್ತು, ಮೂರು ಜನರ ತಲೆಯೂ ಒಡೆದಿತ್ತು.

ಶನಿವಾರ ಸ್ಟೇಷನ್ನಿನಲ್ಲಿ ಶಾಂತಿ ಸಮಿತಿಯ ಸಭೆ. ಶಾಂತಿ ಸಮಿತಿ ಅಂದರೆ ಗೊತ್ತಲ್ಲ? ಹಬ್ಬಕ್ಕೆ ಮುಂಚೆ, ಗಲಾಟೆಗೆ ಆಮೇಲೆ, ಎರಡೂ ಕಡೆಯ ಹಿರಿಯರನ್ನು ಕೂರಿಸಿ ಚಹಾ ಬಿಸ್ಕತ್ತು ಕೊಡುತ್ತಾರೆ. ಎಲ್ಲರೂ ಎದ್ದು ನಿಂತು ನಾವೆಲ್ಲ ಅಣ್ಣತಮ್ಮಂದಿರು ಎನ್ನುತ್ತಾರೆ. ಒಂದು ಕಡೆಯವರು ಐದು ಜನ ಕೂತರೆ ಇನ್ನೊಂದು ಕಡೆಯವರೂ ಐದೇ ಜನ. ಆ ಕಡೆಯವರಿಗೆ ಒಂದು ಹಾರ ಬಿದ್ದರೆ ಈ ಕಡೆಯವರಿಗೂ ಒಂದು. ಎಲ್ಲ ಸಮ ಇರಬೇಕು.

ಸಭೆ ಮುಗಿದ ಮೇಲೆ ಇನ್ಸ್‌ಪೆಕ್ಟರು ವೀರಭದ್ರಯ್ಯನವರೊಬ್ಬರನ್ನೇ ಒಳಗೆ ಕರೆದರು. ಎರಡೂ ಕಡೆಯವರು ನಂಬುವ ಮನುಷ್ಯ ಎಂಬ ಹೆಸರಿತ್ತಲ್ಲ, ಆ ಹೆಸರೇ ಮುಳುವಾಯಿತು.

"ಮುಂದಿನ ವಾರ ರಾಮನವಮಿ ಮೆರವಣಿಗೆ ಇದೆ ಯಜಮಾನ್ರೇ. ಅಷ್ಟರೊಳಗೆ ನಾಲ್ಕು ಬಿಸಿ ತಲೆಗಳನ್ನ ಒಳಗೆ ಕೂರಿಸ್ಬೇಕು. ಈ ಕಡೆ ಎರಡು, ಆ ಕಡೆ ಎರಡು. ಹೆಸರು ಬರ್ಕೊಡಿ. ನೀವು ಕೊಟ್ಟಿದ್ದು ಅಂತ ಒಂದು ನೊಣಕ್ಕೂ ಗೊತ್ತಾಗಲ್ಲ."

ಈ ಕಡೆಯ ಎರಡು ಹೆಸರು ವೀರಭದ್ರಯ್ಯನವರಿಗೆ ಗೊತ್ತಿತ್ತು, ಗಾಜು ಒಡೆದದ್ದನ್ನು ಕಣ್ಣಾರೆ ಕಂಡಿದ್ದರು. ಆ ಕಡೆಯ ಒಂದು ಹೆಸರೂ ಗೊತ್ತಿತ್ತು. ಮೂರು ಬರೆದು ಪೆನ್ನು ಕೆಳಗಿಟ್ಟರು.

"ಮೂರಾಯ್ತು. ಇನ್ನೊಂದು?"

"ಇಷ್ಟೇ ಸಾರ್ ನಂಗೆ ಗೊತ್ತಿರೋದು."

"ಏನ್ ಸ್ವಾಮಿ ನೀವು! ನಿಮ್ಮೋರು ಇಬ್ರು, ಅವರೋನು ಒಬ್ನೇ ಅಂದ್ರೆ ನಾಳೆ ಬೀದೀಲಿ ನಿಮ್ಮೋರೇ ನನ್ನ ಜುಟ್ಟು ಹಿಡೀತಾರೆ. ನಾನು ಎಲ್ಲಿಂದಾದ್ರೂ ಒಂದು ಹೆಸರು ಹಾಕ್ಲೇಬೇಕು. ನಿಮಗೆ ಗೊತ್ತಿರೋನ್ದೇ ಆದ್ರೆ ಒಳ್ಳೇದಲ್ವಾ? ಒಂದ್ ರಾತ್ರಿ, ಅಷ್ಟೇ. ಬೆಳಿಗ್ಗೆ ಬಂದು ಕರ್ಕೊಂಡ್ ಹೋಗಿ."

ವೀರಭದ್ರಯ್ಯನವರಿಗೆ ಆ ಕಡೆಯ ಎಷ್ಟೋ ಹುಡುಗರ ಮುಖ ಗೊತ್ತಿತ್ತು. ಪೂರ್ತಿ ಹೆಸರು, ತಂದೆಯ ಹೆಸರು, ಮನೆ ನಂಬರು ಗೊತ್ತಿದ್ದದ್ದು ಒಬ್ಬನದೇ. ನಮ್ಮ ಹುಡುಗ, ಒಂದು ರಾತ್ರಿ ತಾನೇ, ಬೆಳಿಗ್ಗೆ ನಾನೇ ಹೋಗಿ ಬಿಡಿಸಿಕೊಂಡು ಬರುತ್ತೇನೆ, ಮನೆಗೆ ಬಿಟ್ಟು ಕಾಫಿ ಕುಡಿದು ಬರುತ್ತೇನೆ ಎಂದುಕೊಂಡರು. ಕೈ ತನ್ನಷ್ಟಕ್ಕೆ ತಾನು ಬರೆಯಿತು: ಇನಾಯತ್, ತಂದೆ ದಸ್ತಗೀರ್, ೧೪/೨, ಹಿಂದಿನ ಮೆಟ್ಟಿಲು, ಮಹಡಿ. ಬಾವುಟದ ಗಂಟಿನ ಮೇಲೆ ನೂರಾರು ಸಲ ಬರೆದ ಕೈ. ಅಕ್ಷರ ಮುತ್ತಿನಂತಿತ್ತು.

ಬೆಳಿಗ್ಗೆ ಹೋದರೆ ಇನ್ಸ್‌ಪೆಕ್ಟರು ಇರಲಿಲ್ಲ, ಯಾವುದೋ ಬಂದೋಬಸ್ತಿಗೆ ಹೋಗಿದ್ದರು. ಮಾರನೆಯ ದಿನವೂ ಇರಲಿಲ್ಲ. ಈ ಕಡೆಯ ಇಬ್ಬರು ಯಾರದೋ ಫೋನಿನ ಮೇಲೆ ಹಿಡಿದ ದಿನವೇ ಸಂಜೆ ಮನೆ ಸೇರಿದ್ದರು. ಇನಾಯತ್ ಒಂಬತ್ತು ದಿನ ಒಳಗಿದ್ದ. ವೀರಭದ್ರಯ್ಯನವರು ಹುಚ್ಚು ಹಿಡಿದವರ ಹಾಗೆ ಓಡಾಡಿ, ಕಂಡಕಂಡವರ ಕೈಕಾಲು ಹಿಡಿದು, ಕೊನೆಗೆ ತಾವೇ ಜಾಮೀನು ನಿಂತು ಬಿಡಿಸಿಕೊಂಡು ಬಂದರು. ಸ್ಟೇಷನ್ ಮೆಟ್ಟಿಲ ಮೇಲೆ ದಸ್ತಗೀರ್ ಸಾಬರು ಅವರ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. "ನನ್ನ ಜಾತಿಯೋರು ಒಬ್ರೂ ಬರ್ಲಿಲ್ಲ ಅಣ್ಣಾ, ನೀವು ಬಂದ್ರಿ" ಎಂದರು. ಹೇಳುವುದಿದ್ದರೆ ಅವತ್ತೇ ಹೇಳಬೇಕಿತ್ತು. ಆ ಬಲಗೈ ಅವರ ಕಣ್ಣೀರಿನಲ್ಲಿ ಒದ್ದೆಯಾದ ಮೇಲೆ ವೀರಭದ್ರಯ್ಯನವರ ಬಾಯಿಗೆ ಬೀಗ ಬಿತ್ತು.

ಇನಾಯತ್‌ಗೆ ಮಸ್ಕತ್ತಿನಲ್ಲಿ ಏಸಿ ರಿಪೇರಿಯ ಕೆಲಸ ಸಿಕ್ಕಿತ್ತು. ಪಾಸ್‌ಪೋರ್ಟಿಗೆ ಪೊಲೀಸ್ ವಿಚಾರಣೆ ಬಂದಾಗ ಆ ಒಂಬತ್ತು ದಿನ ಕಾಗದದ ಮೇಲೆ ಎದ್ದು ಕೂತಿತು. ಪಾಸ್‌ಪೋರ್ಟ್ ಬರಲಿಲ್ಲ. ಮೂರು ವರ್ಷ ಸಿಕ್ಕಿದ ಕೆಲಸ ಮಾಡಿದ. ಕೊನೆಗೆ ಶೇಷಾದ್ರಿಪುರದಲ್ಲಿ ಒಂದು ಕಟ್ಟಡಕ್ಕೆ ಬಣ್ಣ ಹೊಡೆಯುತ್ತಿದ್ದಾಗ ನಾಲ್ಕನೇ ಮಹಡಿಯ ಸಾರುವೆಯಿಂದ ಬಿದ್ದ. ಇಪ್ಪತ್ಮೂರು ವರ್ಷ.

ಸಾರುವೆಯ ಹಗ್ಗ ಕಡಿದದ್ದಕ್ಕೆ ವೀರಭದ್ರಯ್ಯ ಏನು ಮಾಡಿಯಾರು ಎಂದು ನೀವು ಕೇಳಬಹುದು. ಅವರೂ ತಮ್ಮನ್ನು ತಾವು ಸಾವಿರ ಸಲ ಕೇಳಿಕೊಂಡಿದ್ದರು. ಮಸ್ಕತ್ತಿನಲ್ಲಿರಬೇಕಾದ ಹುಡುಗ ಶೇಷಾದ್ರಿಪುರದಲ್ಲಿ ಯಾಕಿದ್ದ ಎಂಬ ಪ್ರಶ್ನೆಗೇ ಪ್ರತಿ ಸಲವೂ ಬಂದು ನಿಲ್ಲುತ್ತಿದ್ದರು.

ಅವರದು ಲಿಂಗಪೂಜೆ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ರೆಪ್ಪೆ ಬಡಿಯದೆ ನೋಡುತ್ತ ಕೂರಬೇಕು. ಕಣ್ಣು ಮುಚ್ಚಿ ತಪ್ಪಿಸಿಕೊಳ್ಳುವ ಪೂಜೆಯಲ್ಲ ಅದು. ನೋಡುತ್ತ ನೋಡುತ್ತ ಕಪ್ಪು ಲಿಂಗದ ಹೊಳಪಿನಲ್ಲಿ ಒಂದು ಬಾಗಿಲು ಕಾಣುತ್ತದೆ, ಬಾಗಿಲ ಆಚೆ ಒಬ್ಬ ಹುಡುಗ ಗಂಟು ಹೊತ್ತು ನಿಂತಿರುತ್ತಾನೆ. ಇಳಿಸಲಾ ಎಂದು ಕೇಳುತ್ತಾನೆ. ಇಳಿಸು ಎಂದು ವೀರಭದ್ರಯ್ಯನವರಿಗೆ ಹೇಳಲು ಬಾಯಿ ಬರುವುದಿಲ್ಲ, ಅವನು ಹೊತ್ತುಕೊಂಡೇ ನಿಂತಿರುತ್ತಾನೆ. ಹತ್ತೊಂಬತ್ತು ವರ್ಷದಿಂದ ಪ್ರತಿ ಬೆಳಿಗ್ಗೆ ಇದೇ ಆಗುತ್ತಿತ್ತು. ಹೆದರಿಕೆಯಾಗುತ್ತಿತ್ತು ಅವರಿಗೆ, ಬಚ್ಚಿಡುವುದೇಕೆ. ಪೂಜೆಯ ಮಣೆಯ ಮೇಲೆ ಕೂರುವುದಕ್ಕೇ ಹೆದರಿಕೆ.

ಹೆಂಡತಿ ಮಹಾನಂದಮ್ಮ ಅಡುಗೆಮನೆಯಿಂದಲೇ ಕೂಗುತ್ತಿದ್ದರು. "ಏನ್ರೀ, ಶಿವ ಏನಾದ್ರೂ ಪ್ರತ್ಯಕ್ಷ ಆಗಿದಾನಾ? ಇಡ್ಲಿ ಆರ್ತಿದೆ!"

ಆ ಎಂಟು ದಿನ ವೀರಭದ್ರಯ್ಯನವರು ಇಡ್ಲಿಯನ್ನೂ ಸರಿಯಾಗಿ ತಿನ್ನಲಿಲ್ಲ. ಒಂಬತ್ತು ದೇಶದ ಬಟ್ಟೆಯನ್ನು ಸ್ಕೇಲು ಇಟ್ಟು ಅಳೆದು ಸಮವಾಗಿ ಕತ್ತರಿಸಿ ಗಂಟು ಕಟ್ಟಿದರು. ನೀಲಿ ಪೆನ್ಸಿಲ್ ಕೈಗೆತ್ತಿಕೊಂಡು ವಿಳಾಸ ಬರೆಯಲಾಗದೆ, ಗಾಡಿಯವನಿಗೆ ಬಾಯಲ್ಲೇ ಹೇಳಿ ಕಳಿಸಿದರು.

ಸಮಾರಂಭದ ದಿನ ಬೆಳಿಗ್ಗೆ ಬಾವುಟ ತರುವ ನೆಪದಲ್ಲಿ ಅವರೇ ಚಾಮರಾಜಪೇಟೆಗೆ ಹೋದರು. ಮುಂದಿನ ಮನೆಗೆ ಬೀಗ ಬಿದ್ದಿತ್ತು. ಬಾಬಾಜಾನ್ ಸತ್ತು ಎಂಟು ವರ್ಷವಾಗಿತ್ತು, ಅವನ ಹೆಂಡತಿ ಮಗಳ ಮನೆ ಸೇರಿದ್ದಳು. ಅಣ್ಣತಮ್ಮಂದಿರು ಒಂದೇ ಕಾಂಪೌಂಡಿನಲ್ಲಿದ್ದೂ ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ಮನೆ ಪಾಲಿನ ಜಗಳ ಎಂದು ವೀರಭದ್ರಯ್ಯನವರು ತಿಳಿದಿದ್ದರು. ಎರಡು ಸಲ ಮಧ್ಯೆ ಬಿದ್ದು ಒಂದು ಮಾಡಿಸಲೂ ನೋಡಿದ್ದರು. "ಅದೊಂದು ಬಿಟ್ಟು ಬೇರೆ ಏನಾದ್ರೂ ಹೇಳಿ ಅಣ್ಣಾ" ಎಂದು ದಸ್ತಗೀರ್ ಸಾಬರು ಕೈ ಮುಗಿದುಬಿಟ್ಟಿದ್ದರು. ಊರಿಗೆಲ್ಲ ಶಾಂತಿ ಮಾಡಿಸುವವರಿಗೆ ಆ ಎರಡು ಬಾಗಿಲುಗಳ ಮಧ್ಯೆ ಮಾತು ತರಿಸಲು ಆಗಿರಲಿಲ್ಲ.

ಹಿಂದಿನ ಮೆಟ್ಟಿಲು ಹತ್ತಿ ಹೋದರೆ ಸಾಬರು ಹೊಲಿಗೆ ಮಿಷನ್ನಿನ ಮುಂದೆ ಕೂತು ಕೊನೆಯ ಬಾವುಟದ ಅಂಚು ಮಡಿಸುತ್ತಿದ್ದರು. ಎಪ್ಪತ್ತೈದು ವರ್ಷದ ಕಣ್ಣಿಗೆ ದಪ್ಪ ಕನ್ನಡಕ. ಸಮಾರಂಭಕ್ಕೆ ಹಾಕಿಕೊಳ್ಳಲು ಇಸ್ತ್ರಿ ಮಾಡಿದ ಶೆರ್ವಾನಿ ಗೋಡೆಗೆ ತೂಗುಹಾಕಿತ್ತು.

"ಬನ್ನಿ ಅಣ್ಣಾ, ಕೂತ್ಕೊಳ್ಳಿ. ನಾನೇ ತರ್ತಿದ್ನಲ್ಲ! ನೋಡಿ, ಒಂಬತ್ತೂ ಸಮ ಇದೆ. ಅಮೆರಿಕದ ನಕ್ಷತ್ರ ಲೆಕ್ಕ ಹಾಕೋ ಅಷ್ಟರಲ್ಲಿ ಕಣ್ಣು ಹೋಯ್ತು." ಸಾಬರು ನಕ್ಕರು. "ಏನ್ ಮಾತಾಡ್ಬೇಕು ಅಂತ ರಾತ್ರಿಯೆಲ್ಲ ಯೋಚ್ನೆ ಮಾಡ್ದೆ. ನಂಗೆ ಮೈಕ್ ಅಭ್ಯಾಸ ಇಲ್ಲ."

"ಆ ಮಾತು ಆಡ್ಬೇಡಿ ದಸ್ತಗೀರ್."

"ಯಾವ ಮಾತು?"

"ಜಾಮೀನಿನ ಮಾತು."

"ಅಯ್ಯೋ, ಅದನ್ನೇ ಹೇಳೋಕೆ ಕರ್ದಿರೋದು! ನೀವು ಎಲ್ಲಾದಕ್ಕೂ ಸಂಕೋಚ ಮಾಡ್ಕೋತೀರ."

ವೀರಭದ್ರಯ್ಯನವರು ಕೂರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು. "ಪೊಲೀಸ್ನೋರಿಗೆ ಇನಾಯತ್ ಹೆಸರು ಬರ್ದುಕೊಟ್ಟೋನು ನಾನು."

ಮಿಷನ್ ಇನ್ನೂ ನಾಲ್ಕು ಹೊಲಿಗೆ ಮುಂದೆ ಹೋಗಿ ನಿಂತಿತು. ಸಾಬರು ಕನ್ನಡಕ ತೆಗೆದರು. ಸರಿಯಾಗಿ ಕೇಳಿಸಲಿಲ್ಲವೇನೋ ಎಂಬಂತೆ ನೋಡಿದರು. ವೀರಭದ್ರಯ್ಯನವರು ಎಲ್ಲವನ್ನೂ ಹೇಳಿದರು, ಇನ್ಸ್‌ಪೆಕ್ಟರು ಒಳಗೆ ಕರೆದದ್ದು, ಎರಡೂ ಕಡೆ ಸಮ ಬೇಕು ಎಂದದ್ದು, ಮೂರು ಬರೆದು ಪೆನ್ನು ಇಟ್ಟದ್ದು, ಬೆಳಿಗ್ಗೆ ಬಿಡಿಸಿಕೊಂಡು ಬರುತ್ತೇನೆ ಎಂದುಕೊಂಡದ್ದು. ಸಾಬರು ಬೈಯಬಹುದು, ಕೊರಳಪಟ್ಟಿ ಹಿಡಿಯಬಹುದು, ಅತ್ತು ತಬ್ಬಿಕೊಳ್ಳಲೂಬಹುದು ಎಂದು ಎಂಟು ದಿನದಿಂದ ಎಲ್ಲವನ್ನೂ ಎಣಿಸಿಕೊಂಡು ಬಂದಿದ್ದರು. ಸಾಬರು ಒಂದು ಪ್ರಶ್ನೆ ಕೇಳಿದರು. ಅದನ್ನು ವೀರಭದ್ರಯ್ಯನವರು ಕನಸಿನಲ್ಲೂ ಎಣಿಸಿರಲಿಲ್ಲ.

"ಮನೆ ನಂಬರ್ ಬರ್ದಿದ್ರಾ?"

"ಬರ್ದೆ."

"ಹಿಂದಿನ ಮೆಟ್ಟಿಲು ಅಂತ?"

ವೀರಭದ್ರಯ್ಯನವರು ತಲೆಯಾಡಿಸಿದರು. "ಗಂಟಿನ ಮೇಲೆ ಬರ್ದೂ ಬರ್ದೂ ಕೈಗೆ ಅಭ್ಯಾಸ ಆಗೋಗಿತ್ತು."

ದಸ್ತಗೀರ್ ಸಾಬರು ಮೆಲ್ಲನೆ ಎದ್ದು ಕಿಟಕಿಯ ಹತ್ತಿರ ಹೋದರು. ಅಲ್ಲಿಂದ ಕೆಳಗೆ ಮುಂದಿನ ಮನೆಯ ಬೀಗ ಹಾಕಿದ ಬಾಗಿಲು ಕಾಣುತ್ತಿತ್ತು.

"ಅವತ್ತು ಬೆಳಗಿನ ಜಾವ ಬಂದ್ರು. ಮುಂದಿನ ಬಾಗ್ಲು ಬಡೀಲಿಲ್ಲ, ಯಾರನ್ನೂ ಕೇಳ್ಲಿಲ್ಲ. ನೆಟ್ಟಗೆ ಹಿಂದಿನ ಮೆಟ್ಟಿಲು ಹತ್ತಿ ಬಂದ್ರು ಅಣ್ಣಾ. ಹೊರಗಿನೋರಿಗೆ ಗೊತ್ತಿರೋ ಮೆಟ್ಟಿಲಲ್ಲ ಅದು. ನಾನು ಬಾಬಾಜಾನ್ ತೋರ್ಸಿದಾನೆ ಅಂದ್ಕೊಂಡೆ. ಆ ತಿಂಗಳು ನಮ್ಮಿಬ್ಬರಿಗೂ ನಲ್ಲಿ ನೀರಿಗೆ ಜಗಳ ಆಗಿತ್ತು. ಆ ಸಿಟ್ಟಿಗೆ ಮಾಡ್ದ ಅಂದ್ಕೊಂಡೆ."

ಸಾಬರು ಉಸಿರು ಎಳೆದುಕೊಂಡರು. "ಅವನು ಕುರಾನ್ ಮುಟ್ಟಿ ಆಣೆ ಇಟ್ಟ, ನಾನು ನಂಬ್ಲಿಲ್ಲ. ಇನಾಯತ್ ಸತ್ತಾಗ ಹೆಗಲು ಕೊಡೋಕೆ ಬಂದ, ದೂರ ತಳ್ದೆ. ಅವನು ಸತ್ತ ದಿನ ಜನಾಜಾ ಈ ಕಿಟಕಿ ಕೆಳಗೇ ಹೋಗ್ತಿತ್ತು, ನಾನು ಇಲ್ಲಿ ಮಿಷನ್ ತುಳೀತಾ ಕೂತಿದ್ದೆ. ಶಬ್ದ ಅವನ ಹೆಂಡ್ತಿಗೆ ಕೇಳ್ಲಿ ಅಂತ ಜೋರಾಗಿ ತುಳ್ದೆ."

ಇಪ್ಪತ್ತೆರಡು ವರ್ಷ ವೀರಭದ್ರಯ್ಯನವರು ಒಬ್ಬನನ್ನು ಮಾತ್ರ ಎಣಿಸಿದ್ದರು. ಕೆಳಗಿನ ಬಾಗಿಲಲ್ಲಿ ಇನ್ನೊಬ್ಬ ಇದ್ದಾನೆ ಎಂಬುದೇ ಅವರಿಗೆ ತಿಳಿದಿರಲಿಲ್ಲ. ತಪ್ಪಾಯಿತು ಎನ್ನಲು ಬಾಯಿ ತೆರೆದರು. ಸಾಬರು ಕೈ ಅಡ್ಡ ಹಿಡಿದರು.

"ನಂಗಲ್ಲ. ಅವನಿಗೆ ಹೇಳಿ. ಬನ್ನಿ."

ಒಂಬತ್ತು ಬಾವುಟದ ಗಂಟನ್ನು ಕಾಲ ಬಳಿ ಇಟ್ಟುಕೊಂಡು ಇಬ್ಬರೂ ಆಟೋ ಹತ್ತಿದರು. ಸಾಬರು ಮೈಸೂರು ರಸ್ತೆ ಕಡೆಯ ಖಬರಸ್ತಾನಕ್ಕೆ ಹೋಗಲು ಹೇಳಿದರು. ಗೇಟಿನ ಹತ್ತಿರ ಗಂಟನ್ನು ಆಟೋದಲ್ಲೇ ಬಿಟ್ಟು, ಕಾಯಲು ಹೇಳಿ ಒಳಗೆ ನಡೆದರು. ಇನಾಯತ್‌ನ ಗೋರಿಯ ಹತ್ತಿರ ಸಾಬರು ಒಂದು ಗಳಿಗೆ ನಿಂತು ದುವಾ ಮಾಡಿದರು. ಆ ಜಾಗ ಅವರಿಗೆ ಗೊತ್ತಿತ್ತು, ಪ್ರತಿ ಶುಕ್ರವಾರ ಬರುತ್ತಿದ್ದರು. ಅಲ್ಲಿಂದ ಮುಂದೆ ಹೆಜ್ಜೆ ಹಾಕಿದವರು ನಿಂತುಬಿಟ್ಟರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಒಡಹುಟ್ಟಿದ ತಮ್ಮನ ಗೋರಿ ಎಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ.

ಗೇಟಿನ ಪಕ್ಕದ ಕೋಣೆಯಲ್ಲಿ ಖಬರಸ್ತಾನ ನೋಡಿಕೊಳ್ಳುವವನು ಟೀ ಕುಡಿಯುತ್ತ ಕೂತಿದ್ದ. ಉದ್ದನೆಯ ರಿಜಿಸ್ಟರ್ ತೆರೆದು ಬೆರಳಿಗೆ ಎಂಜಲು ಹಚ್ಚಿದ.

"ಹೆಸರು ಹೇಳಿ."

"ಬಾಬಾಜಾನ್."

"ತಂದೆ?"

"ಮೆಹಬೂಬ್ ಸಾಬ್. ತೀರ್ಕೊಂಡು ಎಂಟು ವರ್ಷ ಆಯ್ತು."

"ಎಂಟು ವರ್ಷದ ಹಿಂದೆ ಅಂದ್ರಲ್ಲ... ಆ ವರ್ಷ ಈ ಹೆಸ್ರಲ್ಲಿ ಇಬ್ರು ಇದಾರೆ. ಮನೆ ನಂಬರ್ ಎಷ್ಟು?"

ದಸ್ತಗೀರ್ ಸಾಬರ ತುಟಿ ಅಲುಗಿತು, ದನಿ ಹೊರಡಲಿಲ್ಲ. ಅವನು ತಲೆಯೆತ್ತಿ ಇಬ್ಬರನ್ನೂ ನೋಡಿದ. "ನಂಬರ್ ಗೊತ್ತಿಲ್ವಾ? ಇಲ್ದಿದ್ರೆ ಹುಡ್ಕೋದು ಕಷ್ಟ."

"ಹದಿನಾಲ್ಕು ಬಾರ್ ಎರಡು" ಎಂದರು ವೀರಭದ್ರಯ್ಯನವರು. "ಮುಂದಿನ ಬಾಗಿಲು."

ಅವನ ಬೆರಳು ಸಾಲಿನ ಮೇಲೆ ಇಳಿದು ಒಂದು ಕಡೆ ನಿಂತಿತು. ಎದ್ದು ಮುಂದೆ ನಡೆದು ಒಂದು ಮೂಲೆ ತೋರಿಸಿ ಹೋದ. ಕಲ್ಲಿಲ್ಲ, ಹೆಸರಿಲ್ಲ, ಹುಲ್ಲು ಬೆಳೆದ ಮಣ್ಣಿನ ದಿಬ್ಬ. ಸಾಬರು ಹುಲ್ಲು ಕಿತ್ತರು, ಎರಡು ಕೈಯಲ್ಲೂ ಕಿತ್ತರು. ಆಮೇಲೆ ವೀರಭದ್ರಯ್ಯನವರ ಕಡೆ ತಿರುಗದೆಯೇ "ಹೇಳಿ" ಎಂದರು.

ಎಪ್ಪತ್ತೆರಡು ವರ್ಷದ ಮುದುಕ ವೀರಭದ್ರಯ್ಯನವರು ಚಪ್ಪಲಿ ಬಿಟ್ಟು ಆ ಮಣ್ಣಿನ ಮುಂದೆ ನಿಂತರು. ಶಾಂತಿ ಸಮಿತಿಯಲ್ಲಿ ಇಪ್ಪತ್ತೆಂಟು ವರ್ಷ ಮಾತಾಡಿದ ಬಾಯಿಗೆ ಮೂರು ವಾಕ್ಯ ಹೊರಡಿಸುವಷ್ಟರಲ್ಲಿ ಸಾಕುಸಾಕಾಯಿತು. "ಬಾಬಾಜಾನ್, ಹೇಳಿದ್ದು ನೀನಲ್ಲ. ನಾನು. ನಿನ್ನ ಮೇಲೆ ಬಂದಿದ್ದು ನನ್ನ ತಪ್ಪು ಕಣಪ್ಪ."

ಅಷ್ಟರಲ್ಲಿ ಅವರ ಜೇಬಿನ ಫೋನು ಹೊಡೆದುಕೊಂಡಿತು. ನರಸಿಂಹಯ್ಯನವರು. ಅತಿಥಿಗಳೆಲ್ಲ ಹೋಟೆಲಿನಿಂದ ಹೊರಟಿದ್ದಾರಂತೆ, ವೇದಿಕೆ ಬೋಳಾಗಿದೆಯಂತೆ, ಬಾವುಟ ಎಲ್ಲಿ, ಸಾಬರು ಎಲ್ಲಿ, ಶಾಲು ಬಂದಿದೆ, ಚೆನ್ನಾಗಿದೆ ಎಂದು ಒಂದೇ ಉಸಿರಿಗೆ ಹೇಳಿದರು. "ಬಾವುಟ ಬರ್ತಿದೆ" ಎಂದರು ವೀರಭದ್ರಯ್ಯನವರು. "ಶಾಲು ಬೇಡ. ಯಾಕೆ ಅಂತ ಆಮೇಲೆ ಬಂದು ಹೇಳ್ತೀನಿ. ಎಲ್ರ ಮುಂದೇನೇ ಹೇಳ್ತೀನಿ." ಹಾಗೆಂದು ಫೋನು ಇಟ್ಟರು.

ದಸ್ತಗೀರ್ ಸಾಬರು ದಿಬ್ಬದ ಪಕ್ಕ ನೆಲದ ಮೇಲೆ ಕೂತುಬಿಟ್ಟಿದ್ದರು. ಕೈಯಲ್ಲಿ ಕಿತ್ತ ಹುಲ್ಲು ಹಾಗೇ ಇತ್ತು. ತಮ್ಮನಿಗೆ ಏನೋ ಹೇಳುತ್ತಿದ್ದರು, ಉರ್ದುವಿನಲ್ಲಿ, ಚಿಕ್ಕ ಮಕ್ಕಳ ಜೊತೆ ಆಡುವ ಹಾಗೆ ಸಣ್ಣ ದನಿಯಲ್ಲಿ. ವೀರಭದ್ರಯ್ಯನವರು ಕಾದರು. ಬಹಳ ಹೊತ್ತು ಕಾದರು. ಹನ್ನೊಂದು ಹೊಡೆದು ಎಷ್ಟು ಹೊತ್ತಾಗಿತ್ತೋ, ಅವತ್ತು ಯಾವ ದನಿಯೂ ಬಂದಿರಲಿಲ್ಲ.

"ದಸ್ತಗೀರ್, ಬಿಸಿಲು ಏರ್ತಿದೆ. ಮನೆಗೆ ಬಿಡ್ತೀನಿ, ಬನ್ನಿ."

ಸಾಬರು ತಲೆಯೆತ್ತಲಿಲ್ಲ.

"ನೀವು ಹೋಗಿ" ಎಂದರು. "ನಾನು ಇವನ ಜೊತೆ ಇರ್ತೀನಿ."

ವೀರಭದ್ರಯ್ಯನವರು ಚಪ್ಪಲಿ ಮೆಟ್ಟಿಕೊಂಡು ಗೇಟಿನ ಕಡೆ ನಡೆದರು. ಆಟೋದವನು ಗಂಟನ್ನು ಸೀಟಿನ ಒಂದು ಮೂಲೆಗೆ ಸರಿಸಿ ಜಾಗ ಮಾಡಿಕೊಟ್ಟ. ಕೂತ ಮೇಲೆ ಅವರಿಗೆ ಹೊಳೆಯಿತು, ನಲವತ್ತು ವರ್ಷದಲ್ಲಿ ಮೊದಲ ಸಲ ದಸ್ತಗೀರ್ ಸಾಬರು ಅವರನ್ನು ಅಣ್ಣಾ ಎನ್ನದೆ ಕಳಿಸಿದ್ದರು.